ಕಾರ್ಡು ಒಣಗುವವರೆಗೆ

ಬಿಸಿಲು ಆಗಲೇ ಸಕ್ಕರೆ ಡಬ್ಬಿಯವರೆಗೆ ಬಂದಿದೆ, ಇನ್ನೊಂದು ಗೇಣು ಸರಿದರೆ ಕಾರ್ಡಿಗೆ ತಾಗುತ್ತದೆ, ತಾಗಕೂಡದು, ರಕ್ತಪರೀಕ್ಷೆಯ ಕಿಟ್‌ನೊಳಗಿನ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದೆ, ನೇರ ಬಿಸಿಲಿನಲ್ಲಿ ಇಡಬೇಡಿ, ಒಲೆಯ ಪಕ್ಕ ಇಡಬೇಡಿ, ಅರ್ಧ ಗಂಟೆ ತನ್ನಷ್ಟಕ್ಕೆ ಒಣಗಲು ಬಿಡಿ — ಸ್ಲಾವ್ಕಾ ಕಾರ್ಡಿನ ಅಂಚನ್ನು ಎರಡು ಉಗುರುಗಳ ನಡುವೆ ಹಿಡಿದು ಬ್ರೆಡ್ಡಿನ ಪೆಟ್ಟಿಗೆಯ ನೆರಳಿಗೆ ಎಳೆದಳು. ಮೈಯಲ್ಲಿ ಬಿಸಿಲು ಎಷ್ಟಿಳಿದಿದೆ ಎಂದು ಹೇಳಬೇಕಾದ ಕಾರ್ಡಿಗೇ ಬಿಸಿಲು ಆಗಿಬರುವುದಿಲ್ಲ, ವಸಿಲ್‌ಗೆ ಹೇಳಿದರೆ ನಗುತ್ತಾನೆ, ನಕ್ಕರೆ ಪಕ್ಕೆ ಹಿಡಿದುಕೊಳ್ಳುತ್ತಾನೆ, ಹೇಳುವುದು ಬೇಡ. ಐದು ವೃತ್ತ, ನಾಲ್ಕು ತುಂಬಿವೆ, ಐದನೆಯದರಲ್ಲಿ ರಕ್ತ ಅರ್ಧಕ್ಕೇ ನಿಂತಿದೆ, ಮೂರು ತುಂಬಿದರೂ ಸಾಕು ಎಂದು ಚೀಟಿ ಹೇಳುತ್ತದೆ, ಚೀಟಿಯ ಮಾತು ಅವಳಿಗೀಗ ಪಾದ್ರಿಯ ಮಾತಿಗಿಂತ ಹೆಚ್ಚು, ಒಲೆಯ ಗಡಿಯಾರ ಇನ್ನೂ ಇಪ್ಪತ್ತಾರು ನಿಮಿಷ ಬಾಕಿ ತೋರಿಸುತ್ತಿದೆ, ಇಪ್ಪತ್ತಾರು, ಹೊರಗೆ ಸೊನ್ನೆಗಿಂತ ಮೂವತ್ನಾಲ್ಕು ಕೆಳಗೆ, ಸೂರ್ಯನ ಎಡಕ್ಕೊಂದು ಬಲಕ್ಕೊಂದು ಸುಳ್ಳು ಸೂರ್ಯ ಹುಟ್ಟಿಕೊಂಡಿವೆ, ಅಪ್ಪ ಅವನ್ನು ನಾಯಿಗಳು ಅನ್ನುತ್ತಿದ್ದ, ನೋಡೇ ಸ್ಲಾವ್ಕಾ ಸೂರ್ಯ ಇವತ್ತು ನಾಯಿ ಕಟ್ಕೊಂಡು ಹೊರಟಿದ್ದಾನೆ, ಅಂದ್ರೆ ಮೂಗು ಮುಚ್ಕೋ — ಮೂರು ಸೂರ್ಯ ಇದ್ದೇನು ಬಂತು, ಅಕ್ಟೋಬರಿನಿಂದ ಮಾರ್ಚಿನವರೆಗೆ ಈ ಸಾಸ್ಕಚವಾನಿನ ಬಿಸಿಲಲ್ಲಿ ಬತ್ತಲೆ ನಿಂತರೂ ಮೈಗೆ ಒಂದು ಕಾಳು ವಿಟಮಿನ್ ಡಿ ಹತ್ತುವುದಿಲ್ಲವಂತೆ, ಅದೂ ಚೀಟಿಯಲ್ಲೇ ಇದೆ. ನೋಡಲಿಕ್ಕೆ ಮಾತ್ರ ಇರುವ ಬಿಸಿಲು ಇದು.

ಗಂಡ ವಸಿಲ್‌ನ ಕೈಯನ್ನು ಐದು ನಿಮಿಷ ಬಿಸಿನೀರಿನಲ್ಲಿ ಇಡಿಸಿದ್ದಳು, ಹಿಟ್ಟು ಕಲಸುವ ಬಟ್ಟಲಿನಲ್ಲೇ, ರಕ್ತ ಸಲೀಸಾಗಿ ಇಳಿಯಲಿ ಎಂದು, ಅವನು ಇಟ್ಟುಕೊಂಡು ಕೂತಿದ್ದ, ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಅವಳು ಹೇಳಿದ್ದಕ್ಕೆ ಎದುರು ಹೇಳದೆ ಅವನು ಕೂತದ್ದನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು, ಹಲ್ಲಿನ ಡಾಕ್ಟರ ಹತ್ತಿರ ಎಳೆದೊಯ್ಯಲು ಎರಡು ವರ್ಷ ಹಿಡಿದಿತ್ತು, ಇವತ್ತು ಮಾತ್ರ ಹಸುವಿನ ಹಾಗೆ ಬಂದ, ಅಂಗಿಯ ತೋಳು ಮಡಿಸಿಕೊಂಡ, ಕೈ ಕೊಟ್ಟ. ನೋಡ್ಕೊಂಡು ಚುಚ್ಚು ಮುದುಕಿ, ಇದು ಪಿರೋಹಿ ಕಡುಬಿನ ಹಿಟ್ಟಲ್ಲ ಅಂದ. ಬಾಯ್ಮುಚ್ಕೊಂಡು ಕೂತ್ಕೊ, ನೆಲದೊಳಗೆ ಹೋಗಿ ಬಂಡೆ ಒಡೆಯೋ ಗಂಡಸಿಗೆ ಸೂಜಿ ಅಂದ್ರೆ ಭಯ, ಯಾರಾದ್ರೂ ಕೇಳಿಸ್ಕೊಂಡಾರು. ಬಂಡೆ ತಿರುಗಿ ಚುಚ್ಚಲ್ಲ ಕಣೇ. ಟಕ್ ಎಂದಿತು ಸೂಜಿಯ ಡಬ್ಬಿ, ಮೊದಲ ಹನಿಯನ್ನು ಒರೆಸಿಬಿಡಿ, ಒರೆಸಿದಳು, ಬೆರಳನ್ನು ಕಾರ್ಡಿಗೆ ಒತ್ತಬೇಡಿ, ಹನಿ ತಾನಾಗಿ ಬೀಳಲಿ, ಆದರೆ ಬೀಳಲಿಲ್ಲ, ಬೆರಳ ತುದಿಯಲ್ಲಿ ಉಬ್ಬಿ ನಿಂತಿತು, ಅವಳು ಮಣಿಕಟ್ಟಿನಿಂದ ಬೆರಳವರೆಗೆ ನೀವಿದಳು, ಇಷ್ಟು ಹೊತ್ತು ಅವನ ಕೈ ಹಿಡಿದು ಎಷ್ಟು ದಿನವಾಗಿತ್ತು, ದೊಡ್ಡ ಕೈ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗಣಿಯ ಗುಲಾಬಿ ಬಣ್ಣದ ಉಪ್ಪಿನ ಗೆರೆ, ಆದರೆ ತೂಕ ಇಳಿದಿದೆ, ಕೈಗೂ ತೂಕ ಇಳಿಯುತ್ತದೆಯೇ, ಚರ್ಮ ಸಡಿಲವಾಗಿ ಎಲುಬಿನ ಮೇಲೆ ಜಾರುತ್ತದೆ — ಬೇಡ, ಹನಿ ನೋಡು, ಹನಿ. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಹತ್ತಿ ಒತ್ತಿ ಪಟ್ಟಿ ಹಾಕಿ ಕಳಿಸಿದಳು, ಹೋಗು ಮಲ್ಕೋ ಹೋಗು, ಅವನು ಗೋಡೆ ಹಿಡಿದುಕೊಂಡು ಮುಂದಿನ ಕೋಣೆಯ ಒರಗು ಕುರ್ಚಿಗೆ ಹೋದ, ಪಕ್ಕೆ ನೋವಿಗೆ ಹಾಸಿಗೆಯಲ್ಲಿ ಮಲಗಲು ಆಗದೆ ಒಂದೂವರೆ ತಿಂಗಳಾಯಿತು.

ಇಪ್ಪತ್ತೊಂದು. ಅವನಿಗೆ ಈ ಬಿಸಿಲಿನ ಕೊರತೆಯಲ್ಲದೆ ಇನ್ನೇನು ಆಗಲು ಸಾಧ್ಯ, ಇಪ್ಪತ್ತೊಂಬತ್ತು ವರ್ಷ ಪೊಟ್ಯಾಶ್ ಉಪ್ಪಿನ ಗಣಿಯಲ್ಲಿ, ನೆಲದಿಂದ ಒಂದು ಕಿಲೋಮೀಟರ್ ಕೆಳಗೆ, ಚಳಿಗಾಲದಲ್ಲಿ ಕತ್ತಲಿರುವಾಗ ಪಂಜರದಂಥ ಲಿಫ್ಟಿನಲ್ಲಿ ಇಳಿಯುವುದು, ಕತ್ತಲಾದ ಮೇಲೆ ಹತ್ತುವುದು, ಮೇಲೆ ಹೆಪ್ಪುಗಟ್ಟುವ ಚಳಿ, ಕೆಳಗೆ ಬೆವರುವ ಸೆಕೆ, ಬನಿಯನ್ನಿನಲ್ಲಿ ಕೆಲಸ, ಮನೆಗೆ ಬಂದರೆ ಕತ್ತಿನಲ್ಲಿ ಉಪ್ಪು, ಗಣಿ ಸೇರಿದ ಹೊಸತರಲ್ಲಿ ಮುತ್ತಿಟ್ಟರೂ ಉಪ್ಪು, ನಿನ್ನನ್ನ ಹಾಗೇ ಬ್ಯಾರಲ್‌ನಲ್ಲಿ ಹಾಕಿಟ್ರೆ ಹತ್ತು ವರ್ಷ ಕೆಡಲ್ಲ ಅನ್ನುತ್ತಿದ್ದಳು, ಅವನಿಗೆ ಅದು ಬಹಳ ಇಷ್ಟದ ಮಾತು, ಗಣಿಯವರಿಗೆಲ್ಲ ಹೇಳಿದ್ದ — ವಾರಕ್ಕೊಮ್ಮೆ ಸೂರ್ಯನ ಮುಖ ನೋಡುವ ಮನುಷ್ಯನ ಎಲುಬು ನೋಯದೆ ಇನ್ನೇನಾಗುತ್ತದೆ. ಚೀಟಿಯಲ್ಲಿ ಕೊರತೆಯ ಲಕ್ಷಣಗಳಿವೆ, ಎಲುಬು ನೋವು, ಇದೆ, ಆಯಾಸ, ಇದೆ, ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಬಲವಿಲ್ಲದಿರುವುದು, ಇದೆ, ಮನಸ್ಸು ಮಂಕಾಗಿರುವುದು, ಅದು ಅವನಿಗೆ ಹುಟ್ಟಿದಾಗಿನಿಂದ ಇದೆ, ಅವರ ಕಡೆಯವರೇ ಹಾಗೆ, ಮದುವೆ ಮನೆಗೆ ಬಂದು ತಿಥಿ ಊಟಕ್ಕೆ ಕೂತ ಹಾಗೆ ಕೂರುತ್ತಾರೆ — ಒಂದೊಂದು ಲಕ್ಷಣ ಓದಿದಾಗಲೂ ಅವಳಿಗೆ ಸಂತೋಷವಾಯಿತು, ನಿಜವಾದ ಸಂತೋಷ, ಇದು ಅದೇ, ಇದು ಅದೇ. ಊರಿನ ಡಾಕ್ಟರು ಮಾತ್ರ ಪರೀಕ್ಷೆ ಬರೆದುಕೊಡಲಿಲ್ಲ, ಈ ದೇಶದಲ್ಲಿ ಎಲ್ಲರಿಗೂ ಕಡಿಮೇನೇ ಇರುತ್ತಮ್ಮ, ಮಾತ್ರೆ ಕೊಡಿ, ಪರೀಕ್ಷೆ ಯಾಕೆ, ನೋವು ಕಡಿಮೆ ಆಗದಿದ್ರೆ ಅವರನ್ನೇ ಕರ್ಕೊಂಡು ಬನ್ನಿ. ಅವಳಿಗೆ ಮಾತ್ರೆ ಬೇಕಿರಲಿಲ್ಲ, ನಂಬರು ಬೇಕಿತ್ತು, ಕಾಗದದ ಮೇಲೆ ಅಚ್ಚಾದ ನಂಬರು, ಆದ್ದರಿಂದ ಔಷಧಿ ಅಂಗಡಿಯ ಹುಡುಗಿಗೆ ಹೇಳಿ ಕಿಟ್ ತರಿಸಿದಳು, ಪರೀಕ್ಷೆಗೆ ಮುಂಚೆ ಮಾತ್ರೆ ನುಂಗಿದರೆ ನಂಬರು ಕೆಡುತ್ತದೆ ಎಂದು ಮಾತ್ರೆಯ ಸೀಸೆಯನ್ನು ಗಸಗಸೆ ಡಬ್ಬಿಯ ಹಿಂದೆ ಬಚ್ಚಿಟ್ಟಳು, ಮೂರು ವಾರ, ಅವನು ಒಂದೊಂದು ಸಲ ಕುರ್ಚಿಯಿಂದ ಏಳುವಾಗ ಹಲ್ಲು ಕಚ್ಚಿದಾಗಲೂ ಆ ಸೀಸೆ ನೆನಪಾಗುತ್ತಿತ್ತು, ಕೊಟ್ಟುಬಿಡಲೇ, ಇನ್ನೆರಡು ದಿನ, ಇನ್ನೆರಡೇ ದಿನ ತಾಳಿಕೋ ಮುದುಕ. ಒಂದು ನಂಬರಿನ ಆಸೆಗೆ ಗಂಡನನ್ನು ನರಳಲು ಬಿಟ್ಟವಳು ನಾನು, ಇದನ್ನು ಪಾದ್ರಿಗೆ ಹೇಳಬೇಕು.

ನಂಬರು ಮೂವತ್ತಕ್ಕಿಂತ ಕೆಳಗೆ ಬರಬೇಕು. ಐವತ್ತರ ಮೇಲಿದ್ದರೆ ಸರಿ, ಮೂವತ್ತರಿಂದ ಐವತ್ತು ಸಾಲದು, ಮೂವತ್ತಕ್ಕಿಂತ ಕೆಳಗೆ ಕೊರತೆ, ಹನ್ನೆರಡು ಬರಲಿ, ಎಂಟು ಬರಲಿ, ಎದುರು ಮನೆಯ ಗ್ಲಾಡಿಸ್‌ಗೆ ಹದಿನಾಲ್ಕು ಬಂದಿತ್ತು, ಹಾಸಿಗೆ ಬಿಟ್ಟು ಏಳದವಳು ಎರಡು ತಿಂಗಳು ಮಾತ್ರೆ ನುಂಗಿ ಈಗ ಚರ್ಚಿನ ಅಡುಗೆಮನೆಯಲ್ಲಿ ಎಲ್ಲರ ಮೇಲೆ ಯಜಮಾನಿಕೆ ಮಾಡಿಕೊಂಡು ಓಡಾಡುತ್ತಾಳೆ — ಜನ ಪರೀಕ್ಷೆ ಚೆನ್ನಾಗಿ ಬರಲಿ ಎಂದು ಮೇಣದಬತ್ತಿ ಹಚ್ಚುತ್ತಾರೆ, ಅವಳು ಮೂರು ಭಾನುವಾರದಿಂದ ಕೆಟ್ಟದಾಗಿ ಬರಲಿ ಎಂದು ಹಚ್ಚುತ್ತಿದ್ದಾಳೆ, ದೇವಮಾತೆಗೆ ಗಲಿಬಿಲಿಯಾಗಿರಬೇಕು. ಕೊರತೆಯಾದರೆ ತುಂಬಬಹುದು. ಇನ್ನೊಂದಾದರೆ — ನೆಸ್ಟರ್ ಭಾವನಿಗೂ ಪಕ್ಕೆಯಲ್ಲೇ ಶುರುವಾಗಿತ್ತು, ವಸಿಲ್‌ನ ಅಣ್ಣ ನೆಸ್ಟರ್, ಸ್ನಾಯು ಹಿಡ್ಕೊಂಡಿದೆ ಎಂದರು, ಎಣ್ಣೆ ತಿಕ್ಕಿದರು, ಆಮೇಲೆ ಬೆನ್ನು, ಆಮೇಲೆ ಒಂದು ದಿನ ಸೀನಿದಾಗ ಪಕ್ಕೆಲುಬು ಮುರಿಯಿತು, ಸೀನಿದ್ದಕ್ಕೆ, ಆಗ ಗೊತ್ತಾಯಿತು ಎಲುಬಿನ ಮಜ್ಜೆಯ ಕ್ಯಾನ್ಸರ್ ಎಂದು, ಎಂಟು ತಿಂಗಳು, ಹೋಗಿ ಈ ಏಪ್ರಿಲಿಗೆ ಎರಡು ವರ್ಷ. ಆದರೆ ನೆಸ್ಟರ್ ಗಣಿಗೆ ಇಳಿದವನಲ್ಲ, ರಸ್ತೆ ಇಲಾಖೆಯಲ್ಲಿ ಮಣ್ಣು ಸಮ ಮಾಡುವ ಗ್ರೇಡರ್ ಯಂತ್ರ ಓಡಿಸುತ್ತಿದ್ದವನು, ಬೇಸಿಗೆಯೆಲ್ಲ ಬಿಸಿಲಲ್ಲಿ ಬೆಂದು ಮುಖ ಹಳೇ ಜೋಡಿನ ಹಾಗಾಗಿತ್ತು, ಅವನಿಗೆ ಬಿಸಿಲಿನ ಕೊರತೆ ಇರಲಿಲ್ಲ, ಆದ್ದರಿಂದ ಅವನದು ಆ ಕಾಯಿಲೆ, ಇವನಿಗೆ ಬಿಸಿಲೇ ಇಲ್ಲ, ಆದ್ದರಿಂದ ಇವನದು ಈ ಕೊರತೆ, ಎಷ್ಟು ಸರಳ, ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅಂತೀಯಾ, ಅನ್ನು, ಆಗಲಿ, ಹುಲ್ಲುಕಡ್ಡಿಯೂ ತೇಲುತ್ತದಲ್ಲ. ಬಿಸಿಲು ಮತ್ತೆ ಸರಿದಿದೆ. ಕಾರ್ಡನ್ನು ಇನ್ನೂ ಸ್ವಲ್ಪ ಒಳಕ್ಕೆ ತಳ್ಳಿದಳು, ಅಂಚಿನ ರಕ್ತ ಕಂದುಬಣ್ಣಕ್ಕೆ ತಿರುಗುತ್ತಿದೆ.

ಹದಿನಾರು. ಇಷ್ಟೆಲ್ಲ ಶುರುವಾದದ್ದು ಆ ಸಂಜೆಯಿಂದ, ಜನವರಿ ಆರು, ನಮ್ಮ ಹಳೇ ಪಂಚಾಂಗದ ಕ್ರಿಸ್ಮಸ್ ಹಿಂದಿನ ಪವಿತ್ರ ಸಂಜೆ, ಅದಕ್ಕೆ ಮುಂಚೆ ನೋವು ಬರೀ ನೋವಾಗಿತ್ತು. ಮಾಂಸವಿಲ್ಲದ ಹನ್ನೆರಡು ಬಗೆ, ಗೋಧಿ ಜೇನು ಗಸಗಸೆಯ ಕೂತ್ಯಾ ಮೊದಲು, ಮೇಜಿನ ಬಟ್ಟೆಯಡಿ ಒಣಹುಲ್ಲು, ಮಗಳು ಲಾರಿಸಾ ರಿಜೈನಾದಿಂದ ಬಂದಿದ್ದಳು, ಅಳಿಯ ಕಾಲಿನ್ ಬಂದಿದ್ದ, ಐದು ವರ್ಷದ ಮೊಮ್ಮಗಳು ತಾಲ್ಯಾ ಕಿಟಕಿಗೆ ಮೂಗೊತ್ತಿ ಮೊದಲ ನಕ್ಷತ್ರಕ್ಕೆ ಕಾಯುತ್ತಿದ್ದಳು, ಮತ್ತು ಬಾಗಿಲ ಕಡೆಯ ತುದಿಯಲ್ಲಿ ನೆಸ್ಟರ್‌ನ ತಟ್ಟೆ, ತೀರಿಹೋದವರಿಗೆ ಒಂದು ತಟ್ಟೆ ಒಂದು ಚಮಚ ಒಂದು ಕುರ್ಚಿ ಬಿಡುವುದು ಪದ್ಧತಿ, ಪಕ್ಕದಲ್ಲಿ ಮೇಣದಬತ್ತಿ, ಅವನು ಇದ್ದಾಗಲೂ ಅಲ್ಲೇ ಕೂರುತ್ತಿದ್ದ, ಸಿಗರೇಟಿಗೆ ಎದ್ದುಹೋಗಲು ಅನುಕೂಲ ಎಂದು. ವಸಿಲ್ ಬಚ್ಚಲಿನಿಂದ ತಡವಾಗಿ ಬಂದ, ಬಂದು ಆ ಕುರ್ಚಿಯಲ್ಲಿ ಕೂತುಬಿಟ್ಟ. ಕೂತುಬಿಟ್ಟ. ಅವಳು ಒಲೆಯ ಹತ್ತಿರ ಸೌಟು ಹಿಡಿದು ನಿಂತಿದ್ದಳು, ತಾಲ್ಯಾ ಅಜ್ಜನಿಗೆ ಅಂದಳು, ದೀದೋ, ಅದು ಸತ್ತೋದ ತಾತಂದು, ನೀನು ಅಲ್ಲಿ ಕೂರ್ಬಾರ್ದು. ಅಯ್ಯೋ ಹೌದಲ್ಲ ಪುಟ್ಟಿ, ಈ ಮುದುಕನಿಗೆ ಕಣ್ಣೇ ಕಾಣಲ್ಲ ಅಂದ ವಸಿಲ್, ಮೇಜು ಹಿಡಿದು ಎದ್ದ, ಸುತ್ತು ಹಾಕಿ ತನ್ನ ಜಾಗಕ್ಕೆ ಹೋದ, ಕಾಲಿನ್ ಏನೋ ಹಾಸ್ಯ ಮಾಡಿದ, ನಕ್ಕರು, ಲಾರಿಸಾ ತಾಯಿಯ ಮುಖ ನೋಡಿ ಕೂತ್ಯಾ ಬಟ್ಟಲನ್ನು ಪಕ್ಕಕ್ಕೆ ದಾಟಿಸಿದಳು. ಸತ್ತವನ ಕುರ್ಚಿಯಲ್ಲಿ ಬದುಕಿದ್ದವನು ಕೂತರೆ ಏನಾಗುತ್ತದೆಂದು ಅತ್ತೆ ಇದ್ದಿದ್ದರೆ ಹೇಳುತ್ತಿದ್ದಳು, ಅವಳಿಗೆ ಎಲ್ಲಕ್ಕೂ ಒಂದು ಶಾಸ್ತ್ರವಿತ್ತು, ಆ ಸಂಜೆ ಹಿರಿಯರ ಆತ್ಮಗಳು ಮನೆಗೆ ಬಂದು ಬೆಂಚು ಕುರ್ಚಿಗಳ ಮೇಲೆಲ್ಲ ಕೂತಿರುತ್ತವೆ, ಅವುಗಳ ಮೇಲೆ ಕೂತುಬಿಟ್ಟೀರಿ, ಮೊದಲು ಕುರ್ಚಿಗೆ ಊದಿ, ಸ್ವಲ್ಪ ಸರಿಯಿರಪ್ಪಾ ಅಂತ ಮನಸ್ಸಲ್ಲೇ ಅಂದು ಆಮೇಲೆ ಕೂತ್ಕೊಳ್ಳಿ, ಆದ್ದರಿಂದ ಈಗಲೂ ಎಲ್ಲರೂ ಊದುತ್ತಾರೆ, ತಾಲ್ಯಾ ಎಂಜಲು ಹಾರುವಂತೆ ಊದಿದಳು, ಇಂಗ್ಲಿಷರ ಹುಡುಗ ಕಾಲಿನ್ ಕೂಡ ಊದಿದ, ವಸಿಲ್ ಒಬ್ಬನೇ ಊದುವುದಿಲ್ಲ, ಮೂವತ್ನಾಲ್ಕು ವರ್ಷದಿಂದ ನೋಡಿದ್ದಾಳೆ, ಧಪ್ಪೆಂದು ಕೂರುತ್ತಾನೆ, ನಮ್ಮ ಹಿರೀಕರಿಗೆ ಇಷ್ಟು ಚಳೀಲಿ ಬಂದು ನನ್ನ ತಳದಡಿ ಸಿಕ್ಕಿಹಾಕ್ಕೊಳ್ಳೋ ಕರ್ಮ ಏನು ಅನ್ನುತ್ತಾನೆ. ಕಣ್ಣು ಕಾಣದೆ ಕೂತ, ನೋವಿಗೆ ಸುತ್ತು ಹಾಕಿ ಹೋಗಲಾರದೆ ಹತ್ತಿರ ಸಿಕ್ಕಿದ್ದರಲ್ಲಿ ಕೂತ, ಅಷ್ಟೆ, ಅಷ್ಟೇ ಎಂದು ಎಷ್ಟು ಸಲ ಹೇಳಿಕೊಂಡರೂ ಪಾತ್ರೆ ತೊಳೆಯುವಾಗ ಬಟ್ಟೆ ಮಡಿಸುವಾಗ ಅದೇ, ಕುರ್ಚಿ ಎಳೆದ, ಕೂತ. ಮಾರನೆಯ ವಾರವೇ ಔಷಧಿ ಅಂಗಡಿಗೆ ಹೋಗಿದ್ದಳು.

ಒಂಬತ್ತು ನಿಮಿಷ ಇರುವಾಗ ಒರಗು ಕುರ್ಚಿ ಕಿರುಗುಟ್ಟಿತು, ಗೋಡೆಯ ಮೇಲೆ ಅಂಗೈ ಜಾರುವ ಸದ್ದು, ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ, ಟೀ ಇದ್ಯಾ. ಇದೆ, ಕೂತ್ಕೊ, ಕಾರ್ಡಿನ ಹತ್ರ ಕೈ ತರ್ಬೇಡ. ಮೇಜಿನಾಚೆ ಕೂತು ಅವನು ಕಾರ್ಡನ್ನೇ ನೋಡುತ್ತಿದ್ದ, ಅವಳಿಗೆ ಮಾತು ತಾನಾಗಿ ಹರಿಯಿತು, ಇವತ್ತೇ ಹೋಗಿ ಪೋಸ್ಟಿಗೆ ಹಾಕ್ತೀನಿ, ಮುಂದಿನ ವಾರಕ್ಕೆ ನಂಬರ್ ಬರುತ್ತೆ, ಕಡಿಮೆ ಅಂತ ಬಂದ ತಕ್ಷಣ ಆ ಡಾಕ್ಟರ ಮೇಜಿನ ಮೇಲೆ ಇಡ್ತೀನಿ, ವಾರಕ್ಕೊಂದು ನುಂಗೋ ದೊಡ್ಡ ಮಾತ್ರೆ ಇದೆಯಂತೆ, ಗ್ಲಾಡಿಸ್ ನೋಡು ಹೇಗಾದ್ಲು, ಈಸ್ಟರ್ ಹೊತ್ತಿಗೆ ನೀನು ಬೆಳ್ಳುಳ್ಳಿ ಮಡಿ ಅಗೀತಿರ್ತೀಯ, ನಾನು ಸಾಕು ಬಾ ಅಂತ ಕೂಗ್ತಿರ್ತೀನಿ — ಸ್ಲಾವ್ಕಾ ಅಂದ. ಸಕ್ಕರೆ ಹಾಕ್ಲಾ ಅಂದಳು. ಸ್ಲಾವ್ಕಾ, ಅದು ಕಡಿಮೆ ಬರಲ್ಲ. ನಿನಗೇನು ಗೊತ್ತು, ನೀನೇನು ಡಾಕ್ಟರಾ. ಗಣೀಲಿ ನರ್ಸ್ ಇದ್ದಾಳಲ್ಲ, ಸೆಪ್ಟೆಂಬರಿಂದ ಕೆಳಗಿಳಿಯೋರಿಗೆಲ್ಲ ಆ ಮಾತ್ರೆ ಕೊಡ್ತಾಳೆ, ರಜೆ ಹಾಕೋವರೆಗೂ ದಿನಾ ಊಟದ ಡಬ್ಬಿ ಬಿಚ್ಚಿದಾಗ ಒಂದು ನುಂಗಿದೀನಿ. ಅವಳು ಟೀ ಪಾತ್ರೆಯನ್ನು ಹಿಡಿದುಕೊಂಡೇ ನಿಂತಳು, ದಿನಾ, ಅದೇ ಡಬ್ಬಿಗೆ ದಿನಾ ಊಟ ತುಂಬಿದವಳು ತಾನು. ನವೆಂಬರಲ್ಲಿ ನಾನೇ ಪಕ್ಕೆ ನೋವು ಅಂದೆ, ರಕ್ತ ತೆಗೆಸಿದ್ಲು, ಬಿಸಿಲಿಂದು ಸರಿಯಾಗಿತ್ತು, ಅರವತ್ತೋ ಎಪ್ಪತ್ತೋ, ಬೇರೇದು ಸರಿ ಇರ್ಲಿಲ್ಲ. ಬೇರೇದು ಅಂದರೆ ಎಂದು ಅವಳು ಕೇಳಲಿಲ್ಲ, ಕೇಳದಿದ್ದರೆ ಅವನು ಹೇಳಲಿಕ್ಕಿಲ್ಲ ಎಂದು ಒಂದು ಕ್ಷಣ ಅನ್ನಿಸಿತು, ಆದರೆ ಅವನು ಹೇಳಿದ, ಮೇಜಿನ ಬಟ್ಟೆಯ ಮೇಲೆ ಪಟ್ಟಿ ಸುತ್ತಿದ ಬೆರಳನ್ನು ಹಿಂದೆ ಮುಂದೆ ಆಡಿಸುತ್ತಾ, ಡಿಸೆಂಬರಲ್ಲಿ ಟ್ರಕ್ಕಿನ ಚಕ್ರ ಬದಲಾಯಿಸ್ಕೊಂಡು ಬರ್ತೀನಿ ಅಂತ ಸಾಸ್ಕಟೂನಿಗೆ ಹೋಗಿದ್ನಲ್ಲ, ಆವತ್ತು. ನೆಸ್ಟರ್‌ನ ನೋಡ್ತಿದ್ರಲ್ಲ, ಆ ಡಾಕ್ಟರೇ. ಅದೇ ಕಾಯಿಲೆ ಅಂದ್ರು. ಹಬ್ಬ ಕಳೀಲಿ ಆಮೇಲೆ ಹೇಳೋಣ ಅಂದ್ಕೊಂಡೆ, ಹಬ್ಬ ಕಳೀತು, ಲಾರಿಸಾ ಊರಿಗೆ ಹೋಗ್ಲಿ ಅಂದ್ಕೊಂಡೆ, ಅವ್ಳೂ ಹೋದ್ಲು, ಅಷ್ಟರಲ್ಲಿ ನೀನು ಆ ಕಿಟ್ ತರಿಸ್ದೆ.

ಅವಳಿಗೆ ಸಿಟ್ಟು ಬಂತು, ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ, ಮತ್ತೆ ಯಾಕೋ ಚುಚ್ಚಿಸ್ಕೊಂಡೆ, ಯಾಕೆ ಕೈ ಕೊಟ್ಟೆ ನಂಗೆ, ಆ ನೀರಲ್ಲಿ ಕೈ ಇಟ್ಕೊಂಡು ಬೊಂಬೆ ಥರ ಕೂತಿದ್ಯಲ್ಲ. ನೀನು ನೀರು ಕಾಯಿಸಿ ಇಟ್ಟಿದ್ದೆ ಅಂದ. ಮೂರು ವಾರದಿಂದ ಆ ಚೀಟಿನ ಜಪ ಮಾಡ್ತಿದ್ದೆ, ನಾಲ್ಕು ಹನಿ ತಾನೆ, ನಿನಗೊಂದು ವಾರ ನೆಮ್ಮದಿ ಸಿಗೋದಾದ್ರೆ ಸಿಗ್ಲಿ ಅಂತ. ಆದ್ರೆ ಈಸ್ಟರ್, ಬೆಳ್ಳುಳ್ಳಿ ಮಡಿ ಅಂತೆಲ್ಲ ಶುರು ಮಾಡಿದ್ಯಲ್ಲ, ಅದನ್ನ ಕೇಳಿಸ್ಕೊಂಡು ಕೂರೋಕಾಗ್ಲಿಲ್ಲ. ಸೋಮವಾರದಿಂದ ಸಾಸ್ಕಟೂನಲ್ಲಿ ಔಷಧಿ ಶುರು ಮಾಡ್ತಾರೆ, ನೀನೂ ಬಾ, ನಂಗೊಬ್ಬನಿಗೆ ಅಷ್ಟು ದೂರ ಓಡಿಸೋಕಾಗಲ್ಲ. ಬರ್ತೀನಿ ಅಂದಳು, ಟೀ ಸುರಿದಳು, ಎರಡು ಚಮಚ ಸಕ್ಕರೆ ಹಾಕಿ ಕಲಕಿದಳು, ಅವನು ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು ಮುಂದಿನ ಕೋಣೆಗೆ ಹೋದ, ಲೋಟ ಹಿಡಿದಿದ್ದರಿಂದ ಗೋಡೆ ಹಿಡಿಯಲಾಗದೆ ಭುಜವನ್ನೇ ಗೋಡೆಗೆ ಒರಗಿಸಿಕೊಂಡು ಹೋದ.

ಗಡಿಯಾರ ಕೂಗಿತು, ಅರ್ಧ ಗಂಟೆ, ಅವಳ ಕೈಗಳು ಚೀಟಿ ಹೇಳಿದಂತೆಯೇ ಮಾಡಿದವು, ಕಾರ್ಡನ್ನು ಮಡಿಸಿ, ಬೆಳ್ಳಿಬಣ್ಣದ ಚೀಲಕ್ಕೆ ಹಾಕಿ, ಹೆಸರು, ಹುಟ್ಟಿದ ತಾರೀಖು, ರಕ್ತ ತೆಗೆದ ದಿನ, ಶನಿವಾರ, ಯಾಕೆ ಬರೆಯುತ್ತಿದ್ದೇನೆ, ಅರವತ್ತೋ ಎಪ್ಪತ್ತೋ, ಬರೆದಳು — ಡಿಸೆಂಬರು ಅಂದನಲ್ಲ, ಚಕ್ರ ಬದಲಾಯಿಸಿದ್ದು ಡಿಸೆಂಬರಿನಲ್ಲಿ, ಸಂತ ನಿಕೊಲಾಯ್ ಹಬ್ಬದ ಮಾರನೇ ದಿನ, ಆಮೇಲೆ ಜನವರಿ, ಹಾಗಾದರೆ ಆ ಸಂಜೆ ಅವನಿಗೆ ಗೊತ್ತಿತ್ತು, ಹನ್ನೆರಡು ಬಗೆಯನ್ನೂ ಗೊತ್ತಿದ್ದೇ ಉಂಡ, ಗೊತ್ತಿದ್ದೇ ಕಣ್ಣೇ ಕಾಣಲ್ಲ ಅಂದ, ಬಚ್ಚಲಿನಿಂದ ಬಂದ, ಬಾಗಿಲಲ್ಲಿ ನಿಂತ, ಹೌದು ನಿಂತ, ತಾಲ್ಯಾ ಇನ್ನೂ ಮಾತಾಡಿರಲಿಲ್ಲ, ನಾನು ಸೌಟು ಹಿಡಿದು ತಿರುಗಿದ್ದೆ, ತಿರುಗಿ ನೋಡಿದ್ದೆ, ನೋಡಿದ್ದನ್ನು ಇಷ್ಟು ದಿನ ನೋಡಿಲ್ಲವೆಂದು ಎತ್ತಿಟ್ಟಿದ್ದೆ, ಮೇಣದಬತ್ತಿ ಉರಿಯುತ್ತಿತ್ತು, ಅವನು ಬತ್ತಿ ನೋಡಿದ, ತಟ್ಟೆ ನೋಡಿದ, ಕುರ್ಚಿ ಎಳೆದ, ಎಳೆದು ಬೆನ್ನು ಹಿಡಿದುಕೊಂಡು ಬಾಗಿದ, ಮೂವತ್ನಾಲ್ಕು ವರ್ಷದಲ್ಲಿ ಒಂದು ಸಲವೂ ಊದದ ಮನುಷ್ಯ, ಬತ್ತಿಯ ಜ್ವಾಲೆ ಪಕ್ಕಕ್ಕೆ ಓಲಿತು, ಬಾಗಿ ಆ ಕುರ್ಚಿಯ ಮೇಲೆ ಮೆಲ್ಲಗೆ ಊದಿದ, ಊದಿ, ಸ್ವಲ್ಪ ತಾಳಿದ, ಯಾರೋ ಸರಿದು ಜಾಗ ಕೊಡಲಿ ಎಂಬಂತೆ ತಾಳಿದ, ಆಮೇಲೆ ಕೂತ. ಊದಿದ, ತಾಳಿದ, ಕೂತ. ಊದಿದ —